ಸತು ಸವೆಯಲಿ, ಎಂಜಿನ್ ಉಳಿಯಲಿ

ಜೂನ್, ಜುಲೈ ಬಂತೆಂದರೆ ಮಲ್ಪೆ, ಗಂಗೊಳ್ಳಿಯ ದೊಡ್ಡ ಬೋಟುಗಳೆಲ್ಲ ಬಂದರಿನಲ್ಲಿ ಸಾಲಾಗಿ ನಿಲ್ಲುತ್ತವೆ. ಯಾಂತ್ರೀಕೃತ ಮೀನುಗಾರಿಕೆಗೆ ಆಗ ನಿಷೇಧ. ಕಡಲಿಗೆ ಇಳಿಯುವುದು ನಾಡದೋಣಿ ಮಾತ್ರ. 10 ಅಶ್ವಶಕ್ತಿವರೆಗಿನ ಔಟ್‌ಬೋರ್ಡ್ ಎಂಜಿನ್, ಅಂದರೆ ದೋಣಿಯ ಹಿಂಬದಿಗೆ ಹೊರಗಿನಿಂದ ತಗುಲಿಸುವ ಎಂಜಿನ್, ಹಾಕಿಕೊಂಡು ಹೋಗಬಹುದು. ಆ ಎಂಜಿನ್ ಕೈಕೊಟ್ಟರೆ ವರ್ಷದ ದುಡಿಮೆಗೇ ಪೆಟ್ಟು. ಅದನ್ನು ತಿನ್ನುವುದು ಮಳೆಯಲ್ಲ, ಉಪ್ಪುನೀರು. ಕಾಪಾಡಿಕೊಳ್ಳಲು ಜಾಸ್ತಿ ಖರ್ಚೇನೂ ಬೇಕಿಲ್ಲ, ಆದರೆ ಉಪ್ಪುನೀರಿನ ಗುಣ ಗೊತ್ತಿರಬೇಕು.

ಎಂಜಿನ್‌ನ ನೀರಲ್ಲಿ ಮುಳುಗುವ ಭಾಗ ಅಲ್ಯೂಮಿನಿಯಂ ಮಿಶ್ರಲೋಹದ್ದು. ಅದರ ಶಾಫ್ಟು, ಬೋಲ್ಟುಗಳು ಸ್ಟೀಲಿನವು. ಬೇರೆ ಬೇರೆ ಲೋಹಗಳು ಒಂದಕ್ಕೊಂದು ತಾಗಿಕೊಂಡಿವೆ, ಸುತ್ತಲೂ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುವ ನೀರು. ಬ್ಯಾಟರಿ ಆಗಲು ಇಷ್ಟೇ ಸಾಕು. ಈ ಬ್ಯಾಟರಿಯಲ್ಲಿ ಅಲ್ಯೂಮಿನಿಯಂ ಎಲೆಕ್ಟ್ರಾನು ಬಿಟ್ಟುಕೊಡುತ್ತಾ ಕರಗುತ್ತದೆ. ಸ್ಟೀಲು ಹಾಯಾಗಿರುತ್ತದೆ. ಬಣ್ಣದಡಿ ಗುಳ್ಳೆ ಎದ್ದು, ಕೆರೆದರೆ ಬಿಳಿ ಪುಡಿ ಉದುರುವುದು ಇದೇ ಕಾರಣಕ್ಕೆ.

ಸತು ಅಲ್ಯೂಮಿನಿಯಂಗಿಂತ ಧಾರಾಳಿ, ಎಲೆಕ್ಟ್ರಾನನ್ನು ಇನ್ನೂ ಸುಲಭವಾಗಿ ಬಿಟ್ಟುಕೊಡುತ್ತದೆ. ಹಾಗಾಗಿ ಪ್ರೊಪೆಲ್ಲರ್ ಹತ್ತಿರ ಒಂದು ಸತುವಿನ ತುಂಡು ಕೂರಿಸಿರುತ್ತಾರೆ. ಅಂಗಡಿಯಲ್ಲಿ ಆನೋಡ್ ಎಂದರೆ ಸಿಗುತ್ತದೆ. ಅದು ಸವೆಯುವಷ್ಟು ದಿನ ಎಂಜಿನ್ ಸವೆಯುವುದಿಲ್ಲ. ಅರ್ಧ ಕರಗಿದಾಗ ಬದಲಿಸಿದರಾಯಿತು. ವಿಚಿತ್ರ ಅಂದರೆ, ವರ್ಷವಾದರೂ ಹೊಸದರಂತೆ ಇರುವ ಆನೋಡೇ ಚಿಂತೆಯ ವಿಷಯ. ಒಂದೋ ಯಾರೋ ಅಂದಕ್ಕೆಂದು ಅದರ ಮೇಲೂ ಬಣ್ಣ ಬಳಿದಿದ್ದಾರೆ, ಇಲ್ಲವೇ ಅದು ಕೂತ ಜಾಗದಲ್ಲಿ ಕೊಳೆ ತುಂಬಿ ಲೋಹಕ್ಕೆ ಲೋಹ ತಾಗುತ್ತಿಲ್ಲ. ಬಿಚ್ಚಿ, ಎರಡೂ ಕಡೆ ಸ್ಯಾಂಡ್ ಪೇಪರ್‌ನಲ್ಲಿ ಉಜ್ಜಿ, ಮತ್ತೆ ಬಿಗಿ ಮಾಡಿ. ವೈರಿಂಗ್ ಕೆಲಸದವರ ಹತ್ತಿರ ಇರುವ ಮಲ್ಟಿಮೀಟರ್‌ನ ಒಂದು ಕಡ್ಡಿ ಆನೋಡ್‌ಗೆ, ಇನ್ನೊಂದನ್ನು ಎಂಜಿನ್‌ನ ಬಣ್ಣವಿಲ್ಲದ ಲೋಹಕ್ಕೆ ಹಿಡಿಯಿರಿ. ಓಮ್ ಲೆಕ್ಕದಲ್ಲಿ ಸೊನ್ನೆಯ ಹತ್ತಿರ ತೋರಿಸಿದರೆ ಸರಿಯಾಗಿದೆ.

ಹಳೇ ಟಾರ್ಚ್ ಸೆಲ್ಲಿನ ಹೊರಕವಚವೂ ಸತುವೇ ಅಲ್ವಾ, ಅದನ್ನೇ ಕರಗಿಸಿ ಎರಕ ಹೊಯ್ದರೆ ಪುಕ್ಕಟೆ ಆನೋಡ್ ಆಯಿತಲ್ಲ ಎಂದು ಕೇಳುವವರಿದ್ದಾರೆ. ಈ ಉಳಿತಾಯ ಬೇಡ. ಹಡಗಿನ ಸತುವಿನಲ್ಲಿ ಕಬ್ಬಿಣ ಶೇಕಡಾ 0.005ಕ್ಕಿಂತ ಜಾಸ್ತಿ ಇರಬಾರದು ಎಂಬ ಮಾನದಂಡವಿದೆ. ಅದಕ್ಕಿಂತ ಹೆಚ್ಚಾದರೆ ಸತುವಿನ ಮೇಲೆ ಗಟ್ಟಿ ಪದರ ಕಟ್ಟುತ್ತದೆ, ಕರಗುವುದು ನಿಂತೇ ಹೋಗುತ್ತದೆ. ಮನೆಯ ಕಬ್ಬಿಣದ ಬಾಣಲೆಯಲ್ಲಿ ಕಾಯಿಸಿದ ಸತು ಆ ಪರೀಕ್ಷೆ ಪಾಸಾಗುವುದು ಕಷ್ಟ.

ಒಂದು ಲೋಹ ಸವೆಸಿ ಇನ್ನೊಂದನ್ನು ಉಳಿಸುವ ಈ ಉಪಾಯ ಇಂದಿನದಲ್ಲ. ಬ್ರಿಟಿಷ್ ನೌಕಾಪಡೆಯ ಹಡಗುಗಳ ತಳಕ್ಕೆ ಹೊಡೆದ ತಾಮ್ರದ ತಗಡು ಬೇಗ ಸವೆಯುತ್ತಿತ್ತು. 1824ರಲ್ಲಿ ಇಂಗ್ಲೆಂಡಿನ ರಸಾಯನ ವಿಜ್ಞಾನಿ ಹಂಫ್ರಿ ಡೇವಿ ಅದಕ್ಕೆ ಸತು, ಕಬ್ಬಿಣದ ತುಂಡು ಜೋಡಿಸಿ ನೋಡಿದ. ತಾಮ್ರ ಉಳಿಯಿತು. ಆದರೆ ತಳಕ್ಕೆಲ್ಲ ಪಾಚಿ, ಬಾರ್ನಕಲ್ ಎಂಬ ಚಿಪ್ಪಿನ ಸಣ್ಣ ಜೀವಿಗಳು ಮೆತ್ತಿಕೊಂಡು ಹಡಗುಗಳ ವೇಗ ಇಳಿಯಿತು. ತಾಮ್ರ ಸ್ವಲ್ಪ ಸ್ವಲ್ಪ ಕರಗುತ್ತಿದ್ದುದರಿಂದಲೇ ಆ ಜೀವಿಗಳು ದೂರವಿದ್ದವು. ಇವತ್ತೂ ದೋಣಿಯ ತಳಕ್ಕೆ ತಾಮ್ರ ಬೆರೆಸಿದ ಬಣ್ಣ ಸಿಗುತ್ತದೆ. ಫೈಬರ್ ದೋಣಿಗೆ ಹಚ್ಚಿ, ಎಂಜಿನ್‌ನ ಅಲ್ಯೂಮಿನಿಯಂಗೆ ಮಾತ್ರ ಬೇಡ. ತಾಮ್ರ ತಾಗಿದರೆ ಅಲ್ಯೂಮಿನಿಯಂ ಇನ್ನೂ ಬೇಗ ಹೋಗುತ್ತದೆ.

ಹೊರಗಿನ ಕಥೆ ಇದಾದರೆ ಒಳಗೂ ಉಪ್ಪಿನ ಕಾಟವಿದೆ. ಎಂಜಿನ್ ತಣ್ಣಗಾಗಲು ಕಡಲ ನೀರನ್ನೇ ಒಳಗೆ ಎಳೆದುಕೊಳ್ಳುತ್ತದೆ. ನಿಲ್ಲಿಸಿದ ಮೇಲೆ ಒಳಗುಳಿದ ನೀರು ಆರಿ ಉಪ್ಪು ಹರಳುಗಟ್ಟುತ್ತದೆ, ಸಣ್ಣ ದಾರಿಗಳು ಮುಚ್ಚುತ್ತವೆ. ಮದ್ದು ಒಂದು ಡ್ರಮ್ ಸಿಹಿನೀರು. ನೀರು ಹೀರುವ ರಂಧ್ರ ಪೂರ್ತಿ ಮುಳುಗುವಂತೆ ಎಂಜಿನ್ ಕೂರಿಸಿ, ಗೇರ್ ಹಾಕದೆ ನಿಧಾನ ಓಡಿಸಿ. ಪ್ರೊಪೆಲ್ಲರ್ ಬಿಚ್ಚಿಟ್ಟರೆ ಇನ್ನೂ ಕ್ಷೇಮ. ಎರಡು ನಿಮಿಷ ಗುರ್ ಅನ್ನಿಸಿ ಆಫ್ ಮಾಡಿದರೆ ಸಾಲದು. ಥರ್ಮೋಸ್ಟಾಟ್ ಎಂಬ ಕವಾಟ ಇರುವ ಎಂಜಿನ್‌ನಲ್ಲಿ ಅದು ಬಿಸಿಯಾದ ಮೇಲೇ ತೆರೆಯುತ್ತದೆ. ಅಲ್ಲಿಯವರೆಗೆ ಸಿಹಿನೀರು ಒಳಗೆಲ್ಲ ಸರಿಯಾಗಿ ಸುತ್ತುವುದಿಲ್ಲ. ಹಿಂಬದಿಯ ಸಣ್ಣ ತೂತಿನಿಂದ ನೀರು ಚಿಮ್ಮುತ್ತಿರಬೇಕು. ಚಿಮ್ಮದಿದ್ದರೆ ತಕ್ಷಣ ನಿಲ್ಲಿಸಿ, ಗಟ್ಟಿ ನೈಲಾನ್ ದಾರದ ತುದಿಯಿಂದ ತೂತು ಚುಚ್ಚಿ ನೋಡಿ. ಆಗಲೂ ಬರದಿದ್ದರೆ ಪಂಪಿನ ಇಂಪೆಲ್ಲರ್, ಅಂದರೆ ನೀರು ತಳ್ಳುವ ರಬ್ಬರ್ ಚಕ್ರ, ಹರಿದಿರಬಹುದು. ಅದಕ್ಕೆ ನೀರೇ ಜಾರುವ ಎಣ್ಣೆ. ನೀರಿಲ್ಲದೆ ಎಂಜಿನ್ ಓಡಿಸಿದರೆ ನೋಡನೋಡುತ್ತಿದ್ದಂತೆ ಸುಡುತ್ತದೆ. ಈ ಕೆಲಸವನ್ನು ಬಯಲಲ್ಲೇ ಮಾಡಿ, ಮುಚ್ಚಿದ ಶೆಡ್ಡಿನಲ್ಲಿ ಹೊಗೆ ಜೀವಕ್ಕೇ ಅಪಾಯ.

ಇನ್ನು ಗೇರ್ ಆಯಿಲ್. ಎಂಜಿನನ್ನು ರಾತ್ರಿಯಿಡೀ ನೆಟ್ಟಗೆ ನಿಲ್ಲಿಸಿ, ಬೆಳಿಗ್ಗೆ ಗೇರ್ ಪೆಟ್ಟಿಗೆಯ ಕೆಳಗಿನ ಸ್ಕ್ರೂ ಸ್ವಲ್ಪ ಸಡಿಲಿಸಿ. ನೀರು ಎಣ್ಣೆಗಿಂತ ಭಾರ, ಒಳಗೆ ಸೇರಿದ್ದರೆ ಮೊದಲು ಅದೇ ತೊಟ್ಟಿಕ್ಕುತ್ತದೆ. ಎಣ್ಣೆ ಹಾಲು ಬೆರೆಸಿದಂತೆ ಬೆಳ್ಳಗಿದ್ದರೂ ಅರ್ಥ ಒಂದೇ, ನೀರು ತಡೆಯುವ ಸೀಲ್ ಹೋಗಿದೆ. ಆಗ ಪ್ರೊಪೆಲ್ಲರ್ ಬಿಚ್ಚಿ ಹಿಂದೆ ನೋಡಿ. ಬಲೆಯ ನೈಲಾನ್ ದಾರ ಶಾಫ್ಟಿಗೆ ಸುತ್ತಿಕೊಂಡು ಸೀಲನ್ನು ಕೊಯ್ದಿರುವುದು ಸಾಮಾನ್ಯ. ದಾರ ತೆಗೆದು ಸೀಲ್ ಬದಲಿಸಿದ ಮೇಲೆ ಹೊಸ ಎಣ್ಣೆಯನ್ನು ಕೆಳಗಿನ ತೂತಿನಿಂದಲೇ ತುಂಬಿ. ಮೇಲಿಂದ ಹೊಯ್ದರೆ ಗಾಳಿ ಸಿಕ್ಕಿಹಾಕಿಕೊಳ್ಳುತ್ತದೆ. ಮೇಲಿನ ತೂತಿನಲ್ಲಿ ಎಣ್ಣೆ ಗುಳ್ಳೆಯಿಲ್ಲದೆ ಹೊರಬಂದಾಗ ಮೊದಲು ಮೇಲಿನ ಸ್ಕ್ರೂ ಹಾಕಿ, ಆಮೇಲೆ ಕೆಳಗಿನದು. ಎರಡಕ್ಕೂ ಹೊಸ ವಾಷರ್ ಹಾಕುವುದನ್ನು ಮರೆಯಬೇಡಿ.