ಎಷ್ಟು ಮದ್ದು ಸಾಕು ಅಂತ ಹೇಳುವ ಸ್ಕ್ಯಾನ್

"ನಾಲ್ಕು ಮದ್ದಲ್ಲಿ ಒಂದನ್ನ ಕೈಬಿಟ್ಟಿದ್ದಾರೆ ಕಣೋ. ಯಾಕೆ ಅಂತ ಸ್ವಲ್ಪ ಕೇಳು."

ಆಗಸ್ಟ್ ತಿಂಗಳಲ್ಲಿ ಅಕ್ಕ ಬೆಂಗಳೂರಿನ ಆಸ್ಪತ್ರೆಯಿಂದ ಹೀಗೆ ಫೋನ್ ಮಾಡಿದಳು. ಆವತ್ತು ಅವಳ ಮಗನಿಗೆ ಮೂರನೇ ಸೈಕಲ್, ಅಂದರೆ ಮೂರನೇ ಸುತ್ತಿನ ಕೀಮೋ ಶುರು. ಎರಡು ತಿಂಗಳಿಂದ ಅವಳು ಬಾಟಲಿ ಎಣಿಸಿಯೇ ಕೂರುತ್ತಿದ್ದಳು. ಕೆಂಪು ಮದ್ದು ಒಂದು, ಬೆಳಕು ಬೀಳಬಾರದು ಅಂತ ಕವರ್ ಹಾಕಿ ತರುವ ಮದ್ದು ಒಂದು, ಮತ್ತೆರಡು. ಆವತ್ತು ಮೂರೇ ಬಂದವು. ಸ್ಟಾಕ್ ಇಲ್ವಾ, ನಾವು ದುಡ್ಡು ಕಟ್ಟಿದ್ದು ಕಮ್ಮಿಯಾಯ್ತಾ, ಹಳ್ಳಿಯವರು ಅಂತ ಸುಮ್ನೆ ಸಾಗಹಾಕ್ತಿದ್ದಾರಾ? ಸಕಲೇಶಪುರದ ಹತ್ತಿರದ ಸಣ್ಣ ಕಾಫಿ ತೋಟದಿಂದ ಹೋದವಳು. ಅನುಮಾನ ಬರೋದು ಸಹಜ, ಅಲ್ವಾ?

ಕೈಬಿಟ್ಟಿದ್ದು ಬ್ಲಿಯೋಮೈಸಿನ್ ಅನ್ನುವ ಮದ್ದು. ಒಂದು ಸ್ಕ್ಯಾನ್ ನೋಡಿ ಬೇಕಂತಲೇ ಬಿಟ್ಟಿದ್ದರು. ಬಿಟ್ಟರೂ ನಡೆಯುತ್ತೆ ಅಂತ ಗೊತ್ತಾಗಲು 1214 ರೋಗಿಗಳ ಮೇಲೆ ವರ್ಷಗಟ್ಟಲೆ ನಡೆದ ಪ್ರಯೋಗ ಬೇಕಾಯಿತು. ಹಾಸನದ ಒಂದು ಹೈಸ್ಕೂಲಲ್ಲಿ ಮಕ್ಕಳಿಗೆ ವಿಜ್ಞಾನ ಹೇಳುವವನು ನಾನು. ಅಕ್ಕನಿಗೆ ಫೋನಲ್ಲಿ ಅರ್ಧಂಬರ್ಧ ಹೇಳಿದ್ದನ್ನು ಇಲ್ಲಿ ಪೂರ್ತಿ ಹೇಳುತ್ತೇನೆ.

ಹುಡುಗನಿಗೆ 22 ವರ್ಷ. ಕಾಯಿಲೆ ಹಾಡ್ಜ್‌ಕಿನ್ ಲಿಂಫೋಮಾ. ದುಗ್ಧಗ್ರಂಥಿಗಳಲ್ಲಿ ಹುಟ್ಟುವ ಕ್ಯಾನ್ಸರ್. 1832ರಲ್ಲಿ ಲಂಡನ್ನಿನ ಗೈಸ್ ಆಸ್ಪತ್ರೆಯ ಥಾಮಸ್ ಹಾಡ್ಜ್‌ಕಿನ್ ಇದನ್ನು ಮೊದಲು ವಿವರಿಸಿದರು. ಹರೆಯದವರಿಗೆ ಬರೋದು ಜಾಸ್ತಿ. ಕತ್ತಲ್ಲೋ ಕಂಕುಳಲ್ಲೋ ನೋವಿಲ್ಲದ ಗಂಟು. ನೋವಿಲ್ಲ ಅನ್ನೋದೇ ಮೋಸ. ನೋವಿದ್ದಿದ್ದರೆ ಮರುದಿನವೇ ಡಾಕ್ಟರ ಹತ್ತಿರ ಓಡುತ್ತಿದ್ದೆವು.

ಇವನ ಗಂಟು ಕಂಡಿದ್ದು ಹೋದ ವರ್ಷದ ಕಾಫಿ ಕೊಯ್ಲಿನಲ್ಲಿ. ಒಂದು ಕಡೆ ತೋರಿಸಿದೆವು. ಸೂಜಿ ಚುಚ್ಚಿ ಒಂದಿಷ್ಟು ಕಣ (ಜೀವಕೋಶ) ತೆಗೆದು ನೋಡಿ, ಟಿಬಿ ಅಂದರು. ನಮ್ಮ ದೇಶದಲ್ಲಿ ಕತ್ತಿನ ಗಂಟಿಗೆ ಟಿಬಿ ಅನ್ನೋದು ಮೂರ್ಖತನವೇನಲ್ಲ. ಎಷ್ಟೋ ಸಲ ಅದು ಟಿಬಿಯೇ ಆಗಿರುತ್ತದೆ. ನನ್ನ ಸಿಟ್ಟು ಇರೋದು ಆಮೇಲಿನ ಮೂರು ತಿಂಗಳ ಮೇಲೆ. ಮಾತ್ರೆ ಶುರುವಾದ ಮೇಲೆ ಗಂಟು ಸ್ವಲ್ಪ ಇಳಿಯಿತು. ಎಲ್ಲರೂ ನಿರಾಳರಾದೆವು. ಹಾಡ್ಜ್‌ಕಿನ್ ಗಂಟುಗಳು ತಾವಾಗಿಯೇ ಇಳಿದು ಮತ್ತೆ ಏರುವುದುಂಟು ಅಂತ ಆಗ ಯಾರೂ ಹೇಳಲಿಲ್ಲ. ಕಾಫಿ ಹೂವಾಗುವ ಹೊತ್ತಿಗೆ ರಾತ್ರಿ ಬೆವರು ಶುರುವಾಯಿತು. ಹೊದಿಕೆ ಹಿಂಡಿದರೆ ನೀರು. ಮೈ ತುರಿಕೆ. 62 ಕೆಜಿ ಇದ್ದವನು 54ಕ್ಕೆ ಬಂದ. ಕೊನೆಗೆ ಇನ್ನೊಬ್ಬ ಡಾಕ್ಟರು ಗಂಟನ್ನೇ ಇಡಿಯಾಗಿ ತೆಗೆದು ಬಯಾಪ್ಸಿಗೆ ಕಳಿಸಿದರು.

ಇಡೀ ಗಂಟು ಯಾಕೆ ಬೇಕು? ಈ ಕ್ಯಾನ್ಸರಿನ ವಿಚಿತ್ರವೇ ಅದು. ಗಂಟಿನಲ್ಲಿ ನಿಜವಾದ ಕ್ಯಾನ್ಸರ್ ಕಣಗಳು ನೂರಕ್ಕೆ ಒಂದರ ಆಸುಪಾಸು. ರೀಡ್-ಸ್ಟರ್ನ್‌ಬರ್ಗ್ ಕಣಗಳು ಅಂತ ಅವುಗಳ ಹೆಸರು. ಕಾರ್ಲ್ ಸ್ಟರ್ನ್‌ಬರ್ಗ್ 1898ರಲ್ಲಿ, ಡೊರೊಥಿ ರೀಡ್ 1902ರಲ್ಲಿ ಅವನ್ನು ವಿವರಿಸಿದರು. ಎರಡೆರಡು ನ್ಯೂಕ್ಲಿಯಸ್, ಒಂದೊಂದರ ನಡುವೆ ದಪ್ಪ ಚುಕ್ಕೆ. ಮೈಕ್ರೋಸ್ಕೋಪಿನಲ್ಲಿ ಗೂಬೆ ಕಣ್ಣು ಬಿಟ್ಟುಕೊಂಡು ನಮ್ಮನ್ನೇ ನೋಡಿದ ಹಾಗಿರುತ್ತದೆ. ಗಂಟಿನ ಉಳಿದ ಭಾಗವೆಲ್ಲ ಈ ಕಣಗಳು ಕರೆದು ಕೂಡಿಸಿಕೊಂಡ ಸಾಮಾನ್ಯ ರಕ್ತಕಣಗಳ ಗುಂಪು. ಸಂತೆಪೇಟೆಯಲ್ಲಿ ಒಬ್ಬ ಜಗಳ ತೆಗೆದರೆ ನೂರು ಜನ ಸುತ್ತ ನಿಲ್ಲುತ್ತಾರಲ್ಲ, ಹಾಗೆ. ಸೂಜಿ ಚುಚ್ಚಿದರೆ ಕೈಗೆ ಸಿಗೋದು ನೋಡಲು ನಿಂತವರು. ಜಗಳಗಂಟ ತಪ್ಪಿಸಿಕೊಳ್ಳುತ್ತಾನೆ.

ಸ್ಕ್ಯಾನಿನ ಕಥೆ ಅರ್ಥವಾಗಲೂ ಈ ಸಂತೆ ನೆನಪಿರಲಿ.

ಒಂದು ಕಾಲದಲ್ಲಿ ಈ ಕಾಯಿಲೆ ಬಂದರೆ ಬದುಕುವುದು ಅಪರೂಪ. ಆಮೇಲೆ ಎರಡು ದಾರಿ ತೆರೆದವು. ಸ್ಟ್ಯಾನ್‌ಫರ್ಡಿನಲ್ಲಿ ಹೆನ್ರಿ ಕಪ್ಲಾನ್ ರೇಡಿಯೇಷನ್ನಿನಿಂದ ಗುಣಪಡಿಸಿದರು. ನಮ್ಮ ಕಡೆ ಇದನ್ನೇ 'ಕರೆಂಟ್ ಕೊಡೋದು' ಅನ್ನುತ್ತಾರೆ. 1960ರ ದಶಕದಲ್ಲಿ ಅಮೆರಿಕದ ವಿನ್ಸೆಂಟ್ ಡಿವೀಟಾ ತಂಡ ನಾಲ್ಕು ಮದ್ದು ಸೇರಿಸಿ ಮಾಪ್ ಅನ್ನುವ ಕೀಮೋ ಮಾಡಿತು. 1970ರ ದಶಕದಲ್ಲಿ ಇಟಲಿಯ ಮಿಲಾನಿನ ಜಾನಿ ಬೊನಾಡೊನ್ನಾ ಬೇರೆ ನಾಲ್ಕು ಮದ್ದಿನ ಎಬಿವಿಡಿ ಕೊಟ್ಟರು. ನಮ್ಮ ಹುಡುಗನಿಗೆ ಶುರು ಮಾಡಿದ್ದೂ ಅದನ್ನೇ. ಸುಮಾರು 50 ವರ್ಷ ಹಳೆಯ ಮದ್ದು, ಇವತ್ತಿಗೂ ಓಡುತ್ತಿದೆ.

ಆ ನಾಲ್ಕರಲ್ಲಿ ಕೆಂಪು ಮದ್ದು, ಅಂದರೆ ಆಡ್ರಿಯಮೈಸಿನ್, ಇಟಲಿಯ ಒಂದು ಹಳೇ ಕೋಟೆಯ ಹತ್ತಿರದ ಮಣ್ಣಿನ ಸೂಕ್ಷ್ಮಜೀವಿಯಿಂದ ಬಂದದ್ದು. ವಿನ್‌ಬ್ಲಾಸ್ಟಿನ್ ಬಂದಿದ್ದು ನಿತ್ಯಪುಷ್ಪದಿಂದ. ಕಾಶಿ ಕಣಗಿಲೆ ಅಂತಲೂ ಕರೀತೀವಲ್ಲ, ಅದೇ. ಅಕ್ಕನ ಮನೆಯ ತುಳಸಿ ಕಟ್ಟೆ ಪಕ್ಕ ಯಾರೂ ನೀರು ಹಾಕದಿದ್ದರೂ ವರ್ಷವಿಡೀ ಹೂ ಬಿಡುತ್ತದೆ. ಕೆನಡಾದ ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬಿಯರ್ 1950ರ ದಶಕದಲ್ಲಿ ಸಕ್ಕರೆ ಕಾಯಿಲೆಗೆ ಮದ್ದು ಸಿಗುತ್ತಾ ಅಂತ ಈ ಎಲೆಯ ರಸವನ್ನು ಇಲಿಗಳಿಗೆ ಕೊಟ್ಟು ನೋಡಿದರು. ಕುಡಿಸಿದರೆ ಏನೂ ಆಗಲಿಲ್ಲ. ಚುಚ್ಚಿದರೆ ಇಲಿಗಳ ಬಿಳಿ ರಕ್ತಕಣ ಕುಸಿದು, ಸೋಂಕು ತಗುಲಿ ಸತ್ತವು. ಅಲ್ಲಿಂದ ಹುಟ್ಟಿತು ಕ್ಯಾನ್ಸರ್ ಮದ್ದು. ಇದನ್ನು ಓದಿ ಯಾರೂ ಎಲೆ ಜಗಿಯಲು ಹೋಗಬೇಡಿ. ಇಲಿಗೂ ಕುಡಿಸಿದ್ದು ನಾಟಲಿಲ್ಲ.

ಗುಣವಾಗುವುದು ಸಾಮಾನ್ಯವಾದ ಮೇಲೆ ಹೊಸ ತಲೆನೋವು ಬಂತು. ಇಪ್ಪತ್ತರಲ್ಲಿ ಗುಣವಾದವರು ನಲವತ್ತು, ಐವತ್ತಕ್ಕೆ ಬೇರೆ ಕಾಯಿಲೆ ಹೊತ್ತು ಬರತೊಡಗಿದರು. ಎದೆಗೆ ಕರೆಂಟ್ ಕೊಟ್ಟ ಹುಡುಗಿಯರಿಗೆ ಸ್ತನ ಕ್ಯಾನ್ಸರ್, ಹೃದಯದ ತೊಂದರೆ. ಮಾಪ್ ತಗೊಂಡ ಕೆಲವರಿಗೆ ಮಕ್ಕಳಾಗಲಿಲ್ಲ, ಕೆಲವರಿಗೆ ರಕ್ತದ ಕ್ಯಾನ್ಸರ್. ಬ್ಲಿಯೋಮೈಸಿನ್ ಶ್ವಾಸಕೋಶವನ್ನು ಗಟ್ಟಿ ಮಾಡಿಬಿಡಬಹುದು. ಆಗ ಸಂಶೋಧಕರ ಪ್ರಶ್ನೆ ತಿರುಗಿತು. ಇನ್ನೂ ಎಷ್ಟು ಕೊಡೋಣ ಅನ್ನುತ್ತಿದ್ದವರು ಎಷ್ಟು ಕೊಟ್ಟರೆ ಸಾಕು ಅಂತ ಕೇಳತೊಡಗಿದರು. ಯಾರಿಗೆ ಸಾಕು ಅಂತ ಮೊದಲೇ ತಿಳಿಯೋದು ಹೇಗೆ? ಮಾಮೂಲಿ ಸಿಟಿ ಸ್ಕ್ಯಾನ್ ಗಂಟಿನ ಗಾತ್ರ ಹೇಳುತ್ತದೆ. ಹಾಡ್ಜ್‌ಕಿನ್ ಗಂಟು ಸತ್ತ ಮೇಲೂ ಗಾಯದ ಕಲೆಯ ಹಾಗೆ ಉಳಿದುಬಿಡಬಹುದು. ಬೂದಿಯೊಳಗೆ ಕೆಂಡ ಇದೆಯಾ ಇಲ್ಲವಾ ಅನ್ನೋದು ಸಿಟಿಗೆ ಕಾಣಿಸದು.

ಪೆಟ್ ಸ್ಕ್ಯಾನ್ ಬರೋದು ಇಲ್ಲಿ. ಅದು ನೋಡೋದು ಸಕ್ಕರೆಯನ್ನು. ಗ್ಲೂಕೋಸ್‌ಗೆ ಫ್ಲೋರಿನ್-18 ಅನ್ನುವ ವಿಕಿರಣ ಪರಮಾಣು ಅಂಟಿಸಿ ರಕ್ತಕ್ಕೆ ಬಿಡುತ್ತಾರೆ. ಹಸಿದ ಕಣಗಳು ನಿಜವಾದ ಸಕ್ಕರೆ ಅಂತ ಎಳೆದುಕೊಳ್ಳುತ್ತವೆ. ಒಳಗೆ ಹೋದ ಮೇಲೆ ಅರಗಿಸಲೂ ಆಗದು, ಹೊರಗೆ ಉಗುಳಲೂ ಆಗದು. ಅಲ್ಲೇ ಕೂತ ಫ್ಲೋರಿನ್ ಪಾಸಿಟ್ರಾನ್ ಅನ್ನುವ, ಎಲೆಕ್ಟ್ರಾನಿನ ಎದುರಾಳಿ ಕಣ ಬಿಡುತ್ತದೆ. ಅದು ಪಕ್ಕದ ಎಲೆಕ್ಟ್ರಾನಿಗೆ ಡಿಕ್ಕಿ ಹೊಡೆದು ಎರಡೂ ಮಾಯವಾಗಿ, ವಿರುದ್ಧ ದಿಕ್ಕಿಗೆ ಎರಡು ಗಾಮಾ ಕಿರಣ ಹೊರಡುತ್ತವೆ. ಸುತ್ತ ಇರುವ ಬಳೆಯಂಥ ಯಂತ್ರ ಎರಡನ್ನೂ ಒಂದೇ ಕ್ಷಣಕ್ಕೆ ಹಿಡಿದು, ಎಲ್ಲಿಂದ ಹೊರಟವು ಅಂತ ಲೆಕ್ಕ ಹಾಕುತ್ತದೆ.

ಈ ಫ್ಲೋರಿನ್-18 ಪ್ರತಿ 110 ನಿಮಿಷಕ್ಕೆ ಅರ್ಧವಾಗುತ್ತಾ ಹೋಗುತ್ತದೆ. ನಮ್ಮ ಶಾಲೆ ಮಕ್ಕಳಿಗೆ ಒಂದು ಲೆಕ್ಕ ಕೊಟ್ಟಿದ್ದೆ. ಬೆಂಗಳೂರಿನಲ್ಲಿ ಸೈಕ್ಲೋಟ್ರಾನ್ ಅನ್ನುವ ಯಂತ್ರದಲ್ಲಿ ಮಾಡಿದ 100 ಪಾಲು ಮದ್ದು ಮೂರೂವರೆ ಗಂಟೆಯಲ್ಲಿ ಹಾಸನ ತಲುಪಿದರೆ ಉಳಿಯೋದು ಎಷ್ಟು? ಸುಮಾರು 27. ನಾಲ್ಕೂವರೆ ಗಂಟೆಯಲ್ಲಿ ಚಿಕ್ಕಮಗಳೂರಿಗೆ ಹೋದರೆ 18. ನೆಲಮಂಗಲದಲ್ಲಿ ಟ್ರಾಫಿಕ್ ಜಾಮ್ ಆದರೆ ಇನ್ನೂ ಕಮ್ಮಿ. ಹಾಲಿನ ವ್ಯಾನಿಗೂ ಇಷ್ಟು ಅವಸರವಿಲ್ಲ.

ನಾವು ಮೊದಲ ಸ್ಕ್ಯಾನಿಗೆ ಹೊರಟಿದ್ದು ಜೂನ್ ತಿಂಗಳ ಮಳೆಯಲ್ಲಿ, ರಾತ್ರಿ 2 ಗಂಟೆಗೆ. ಆರು ಗಂಟೆ ಉಪವಾಸ ಇರಬೇಕು, ನೀರು ಮಾತ್ರ. ಊಟ ಮಾಡಿದರೆ ಇನ್ಸುಲಿನ್ ಏರಿ ಸಕ್ಕರೆಯೆಲ್ಲ ಸ್ನಾಯುವಿಗೆ ಹೋಗುತ್ತದೆ. ಹಿಂದಿನ ದಿನ ಭಾರ ಎತ್ತಿದ್ದರೂ ಅಷ್ಟೇ. ಬೆಳ್ಳೂರು ಕ್ರಾಸ್ ಹತ್ತಿರ ನಾನು ಕಾರಿಂದ ಇಳಿದು, ಅವನಿಗೆ ಬೆನ್ನು ತಿರುಗಿಸಿ ಕಾಫಿ ಕುಡಿದೆ. ಕಾಫಿ ತೋಟದ ಹುಡುಗನಿಂದ ಅದರ ಘಮ ಮುಚ್ಚಿಡೋಕೆ ಆಗುತ್ತಾ? ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಟ್ಟು ಒಂದು ಗಂಟೆ ಸುಮ್ನೆ ಮಲಗಿಸಿದರು. ಮಾತಾಡಬಾರದು ಅಂದರು. ಮಾತಾಡಿದರೆ ಗಂಟಲಿನ ಸ್ನಾಯು ಸಕ್ಕರೆ ತಿಂದು ಅದೂ ಹೊಳೆಯುತ್ತದೆ. ಎಸಿ ಜೋರಾಗಿತ್ತು, ಅವನು ನಡುಗುತ್ತಿದ್ದ.

ರಿಪೋರ್ಟಿನಲ್ಲಿ ಕತ್ತು, ಎದೆ, ಹೊಟ್ಟೆಯ ಗಂಟುಗಳು ಹೊಳೆದಿದ್ದವು. ಸ್ಟೇಜ್ 3. ಜೊತೆಗೆ ಇನ್ನೊಂದು ಸಾಲು: ಹೆಗಲ ಮೇಲ್ಭಾಗದಲ್ಲಿ ಎರಡೂ ಕಡೆ ಕಂಡ ಹೊಳಪು ಕಂದು ಕೊಬ್ಬಿನದು. ಚಳಿಯಾದಾಗ ಮೈ ಬಿಸಿ ಮಾಡಲು ಸಕ್ಕರೆ ಸುಡುವ ಕೊಬ್ಬು ಇದು. ಇರೋದು ಕತ್ತಿನ ಬುಡದಲ್ಲೇ, ಹಾಡ್ಜ್‌ಕಿನ್ ಕೂರುವ ಜಾಗದಲ್ಲೇ. ಜೊತೆಗೆ ತೆಗೆದ ಸಿಟಿಯಲ್ಲಿ ಅಲ್ಲಿ ಗಂಟಿಲ್ಲ, ಬರೀ ಕೊಬ್ಬು ಅಂತ ಕಂಡಿದ್ದರಿಂದ ಬಚಾವ್. ಟಿಬಿಯೂ ಹೀಗೆಯೇ ಹೊಳೆಯುತ್ತದೆ. ಹೊಳೆದದ್ದೆಲ್ಲ ಕ್ಯಾನ್ಸರ್ ಅಂತ ಯಂತ್ರ ಹೇಳೋದಿಲ್ಲ, ಓದುವವರು ಬೇಕು. ಮುಂದಿನ ಸಲ ಮೈ ಬೆಚ್ಚಗಿಟ್ಟುಕೊಂಡು ಬನ್ನಿ ಅಂದರು.

ಈಗ ಸಂತೆಗೆ ಬರೋಣ. ಗಂಟಿನಲ್ಲಿ ಸಕ್ಕರೆ ತಿನ್ನುವವರಲ್ಲಿ ಬಹುಪಾಲು ಸುತ್ತ ನಿಂತ ಗುಂಪು. ಕೀಮೋಗೆ ಜಗಳಗಂಟ ಸತ್ತರೆ ಗುಂಪು ಚದುರುತ್ತದೆ, ಹೊಳಪು ಬೇಗ ಆರುತ್ತದೆ. ಅದಕ್ಕೇ ಇರಬೇಕು, ಈ ಕಾಯಿಲೆಯಲ್ಲಿ ಎರಡೇ ಸೈಕಲ್ ಆದ ಮೇಲಿನ ಸ್ಕ್ಯಾನ್ ಇಷ್ಟೊಂದು ಹೇಳುವುದು. 2007ರಲ್ಲಿ ಇಟಲಿ ಮತ್ತು ಡೆನ್ಮಾರ್ಕಿನ ಸಂಶೋಧಕರು 260 ರೋಗಿಗಳ ಲೆಕ್ಕ ಕೊಟ್ಟರು. ಎರಡು ಸೈಕಲ್ ಎಬಿವಿಡಿ ನಂತರ ಪೆಟ್‌ನಲ್ಲಿ ಹೊಳಪು ಆರಿದವರಲ್ಲಿ 95 ಶೇಕಡ ಜನರ ಕಾಯಿಲೆ ಎರಡು ವರ್ಷವಾದರೂ ತಲೆ ಎತ್ತಿರಲಿಲ್ಲ. ಹೊಳಪು ಉಳಿದವರಲ್ಲಿ ಹಾಗಿದ್ದವರು ಸುಮಾರು 13 ಶೇಕಡ ಮಾತ್ರ.

ಆರಿತು ಅನ್ನೋದಕ್ಕೆ ಅಳತೆ ಏನು? 2009ರಲ್ಲಿ ಫ್ರಾನ್ಸಿನ ಡೋವಿಲ್ ಅನ್ನುವ ಕಡಲೂರಿನಲ್ಲಿ ತಜ್ಞರು ಸೇರಿ ಒಂದರಿಂದ ಐದರ ಅಳತೆಪಟ್ಟಿ ಮಾಡಿದರು. ನನಗೆ ಇದು ತುಂಬ ಇಷ್ಟ. ರೋಗಿಯ ಲಿವರ್ರೇ ಅವನ ಅಳತೆಗೋಲು. ಗಂಟು ಅವನದೇ ಲಿವರ್‌ಗಿಂತ ಮಂಕಾಗಿದ್ದರೆ ಅಥವಾ ಅಷ್ಟೇ ಇದ್ದರೆ 1ರಿಂದ 3, ಅಂದರೆ ಆರಿದ ಲೆಕ್ಕ. ಅದಕ್ಕಿಂತ ಹೊಳೆದರೆ 4, ತುಂಬ ಹೊಳೆದರೆ ಅಥವಾ ಹೊಸ ಗಂಟು ಕಂಡರೆ 5. ಯಂತ್ರ ಯಾವ ಕಂಪನಿಯದಾದರೂ, ಯಾವ ಊರಿನದಾದರೂ ಹೋಲಿಕೆ ನಡೆಯುತ್ತದೆ.

ಇನ್ನು ಅಕ್ಕನ ಪ್ರಶ್ನೆ. ರ‍್ಯಾಥಲ್ ಅನ್ನುವ, ಆ 1214 ರೋಗಿಗಳ ಪ್ರಯೋಗದ ಫಲಿತಾಂಶ ಬಂದಿದ್ದು 2016ರಲ್ಲಿ. ಎರಡು ಸೈಕಲ್ ಆದ ಮೇಲೆ ಸ್ಕ್ಯಾನ್ ಚೆನ್ನಾಗಿ ಬಂದವರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದಕ್ಕೆ ನಾಲ್ಕೂ ಮದ್ದು, ಇನ್ನೊಂದಕ್ಕೆ ಬ್ಲಿಯೋಮೈಸಿನ್ ಬಿಟ್ಟು ಮೂರು. ಮೂರು ವರ್ಷದ ನಂತರ ಕಾಯಿಲೆ ಮರಳದೆ ಇದ್ದವರು ಮೊದಲ ಗುಂಪಲ್ಲಿ 85.7 ಶೇಕಡ, ಎರಡನೆಯದರಲ್ಲಿ 84.4. ಬದುಕಿದ್ದವರು 97.2 ಮತ್ತು 97.6. ಉಸಿರಾಟದ ತೊಂದರೆ ಮೂರು ಮದ್ದಿನವರಲ್ಲಿ ಕಮ್ಮಿ. ಒಂದು ಕೊಸರು ಇದೆ, ಮುಚ್ಚಿಡಬಾರದು. ವ್ಯತ್ಯಾಸ 5 ಅಂಕ ಮೀರಬಾರದು ಅಂತ ಅವರು ಮೊದಲೇ ಗೆರೆ ಹಾಕಿಕೊಂಡಿದ್ದರು. ಕಂಡ ವ್ಯತ್ಯಾಸ ಸಣ್ಣದೇ, ಆದರೆ ನಿಜವಾದ ವ್ಯತ್ಯಾಸ ಎಲ್ಲಿಯವರೆಗೆ ಇರಬಹುದು ಅನ್ನುವ ಅನುಮಾನದ ಅಂಚು 5.3ರವರೆಗೆ ಹೋಯಿತು. ಲೆಕ್ಕದ ಕಟ್ಟುನಿಟ್ಟಿನಲ್ಲಿ ಕೂದಲೆಳೆಯಷ್ಟು ಸೋಲು. ಆದರೂ ಡಾಕ್ಟರುಗಳು ಒಪ್ಪಿಕೊಂಡರು. ನಾನಾಗಿದ್ದರೂ ಒಪ್ಪುತ್ತಿದ್ದೆ. ತೋಟದ ಕೆಲಸದವನಿಗೆ ಉಸಿರು ಮುಖ್ಯ. ಸ್ಕ್ಯಾನ್ ಕೆಟ್ಟದಾಗಿ ಬಂದವರಿಗೆ ಇದೇ ಪ್ರಯೋಗದಲ್ಲಿ ಇನ್ನೂ ಬಲವಾದ ಕೀಮೋ ಕೊಟ್ಟರು.

ಕರೆಂಟಿನ ವಿಚಾರದಲ್ಲೂ ಹೀಗೇ ಆಯಿತು. ಕಾಯಿಲೆ ಶುರುವಿನ ಹಂತದಲ್ಲಿರುವ 602 ಜನರ ಮೇಲೆ ಬ್ರಿಟನ್ನಿನಲ್ಲಿ ನಡೆದ ಪ್ರಯೋಗದ ವರದಿ 2015ರಲ್ಲಿ ಬಂತು. ಪೆಟ್ ಚೆನ್ನಾಗಿದ್ದವರಲ್ಲಿ ಮೂರು ವರ್ಷಕ್ಕೆ ಕಾಯಿಲೆ ಮರಳದೆ ಇದ್ದವರು ಕರೆಂಟ್ ಕೊಟ್ಟರೆ 94.6 ಶೇಕಡ, ಕೊಡದಿದ್ದರೆ 90.8. ಕರೆಂಟಿನಿಂದ ಲಾಭ ಇದೆ, ಸಣ್ಣದು. ಇಪ್ಪತ್ತರ ಹುಡುಗಿಯ ಎದೆಗೆ ಆ ಸಣ್ಣ ಲಾಭಕ್ಕಾಗಿ ಕೊಡಬೇಕಾ ಅನ್ನೋದು ಕೂತು ಮಾತಾಡುವ ವಿಷಯ.

ಹೊಸ ಮದ್ದುಗಳು ಈ ಲೆಕ್ಕವನ್ನು ಮತ್ತೆ ಕದಡುತ್ತಿವೆ. ಗೂಬೆಕಣ್ಣಿನ ಕಣ ನಮ್ಮ ರಕ್ಷಣಾ ಕಣಗಳಿಗೆ ಮಂಕುಬೂದಿ ಎರಚುತ್ತದೆ. ನಿವೊಲುಮ್ಯಾಬ್ ಅನ್ನುವ ಹೊಸ ಮದ್ದು ಅದನ್ನು ತಡೆಯುತ್ತದೆ. ಕಾಯಿಲೆ ಮುಂದುವರಿದ 994 ಜನರ ಮೇಲೆ ಅಮೆರಿಕ, ಕೆನಡಾದಲ್ಲಿ ನಡೆದ ಪ್ರಯೋಗದ ವರದಿ 2024ರಲ್ಲಿ ಬಂತು. ಬ್ಲಿಯೋಮೈಸಿನ್ ಬಿಟ್ಟ ಆ ಮೂರು ಮದ್ದಿನ ಜೊತೆ ನಿವೊಲುಮ್ಯಾಬ್ ಕೊಟ್ಟಾಗ ಎರಡು ವರ್ಷಕ್ಕೆ 92 ಶೇಕಡ ಜನರಲ್ಲಿ ಕಾಯಿಲೆ ಮರಳಿರಲಿಲ್ಲ. ಅದೇ ಮೂರರ ಜೊತೆ ಬ್ರೆಂಟಕ್ಸಿಮ್ಯಾಬ್ ಅನ್ನುವ ಇನ್ನೊಂದು ಹೊಸ ಮದ್ದು ಕೊಟ್ಟ ಗುಂಪಲ್ಲಿ 83. ಬೆಲೆ ಕೇಳಿದರೆ ತೋಟ ಮಾರಬೇಕು. ಮುಂಬೈನ ಟಾಟಾ ಮೆಮೋರಿಯಲ್ ಡಾಕ್ಟರುಗಳು ಇಲ್ಲೂ 'ಎಷ್ಟು ಸಾಕು' ಅಂತ ಕೇಳಿದ್ದಾರೆ. ತಲೆ-ಕತ್ತಿನ ಕ್ಯಾನ್ಸರಿನಲ್ಲಿ ಬೇರೆ ಮದ್ದುಗಳ ಜೊತೆ ಮೂರು ವಾರಕ್ಕೊಮ್ಮೆ 20 ಮಿಲಿಗ್ರಾಂ ಮಾತ್ರ ನಿವೊಲುಮ್ಯಾಬ್ ಕೊಟ್ಟು, ಅದೂ ಕೆಲಸ ಮಾಡುತ್ತೆ ಅಂತ 2023ರಲ್ಲಿ ತೋರಿಸಿದರು. ಪೂರ್ತಿ ಡೋಸ್ ಎರಡು ವಾರಕ್ಕೆ 240 ಮಿಲಿಗ್ರಾಂ. ಅದು ಬೇರೆ ಕ್ಯಾನ್ಸರ್, ಹಾಡ್ಜ್‌ಕಿನ್‌ಗೆ ನೇರ ಎತ್ತಿ ಹಾಕೋಕಾಗಲ್ಲ. ಪ್ರಶ್ನೆ ಮಾತ್ರ ನಮ್ಮದೇ.

ನಮ್ಮ ಹುಡುಗನ ಎರಡನೇ ಸ್ಕ್ಯಾನಿನ ಸ್ಕೋರು 2. ಅದಕ್ಕೇ ಆವತ್ತು ಮೂರು ಬಾಟಲಿ. ಕೊನೆಯ ಡೋಸ್ ಮೊನ್ನೆ, ಡಿಸೆಂಬರ್ ಮೊದಲ ವಾರ ಮುಗಿಯಿತು. ಕೊನೆಯ ಸ್ಕ್ಯಾನಿಗೆ ಆರರಿಂದ ಎಂಟು ವಾರ ಕಾಯಬೇಕು, ಕೀಮೋದ ಕಾವು ಇಳಿಯಲಿ ಅಂತ. ಅಂದರೆ ಜನವರಿ ಕೊನೆ. ಸಕಲೇಶಪುರದಲ್ಲಿ ಹಲ್ಲು ಕಡಿಯುವ ಚಳಿ, ಕೊಯ್ಲಿನ ಕೆಲಸವೂ ಪೂರ್ತಿ ಮುಗಿದಿರಲ್ಲ. ಮೂಟೆ ಮುಟ್ಟಿದರೆ ಕೈ ಮುರೀತೀನಿ ಅಂತ ಅಕ್ಕ ಮಗನಿಗೆ ಈಗಲೇ ಹೇಳಿದ್ದಾಳೆ. ನಿನ್ನೆ ಹೋದಾಗ ಕಣದ ತುಂಬ ಕಾಫಿ ಹರಡಿತ್ತು. ಒಂದು ಮೂಲೆಯಲ್ಲಿ ಕಾಫಿ ಸರಿಸಿ ಜಾಗ ಮಾಡಿ, ಭಾವನ ಹಳೇ ಕರಿಕಂಬಳಿಯನ್ನು ಬಿಸಿಲಿಗೆ ಹಾಕಿದ್ದಳು.