ಅಂಚೆ ಡಬ್ಬದ ಮೇಲೆ ನಿಮ್ಮ ಹೆಸರಿದೆಯಾ?

ಜರ್ಮನಿಯ ಒಂದು ವಿಶ್ವವಿದ್ಯಾಲಯದಲ್ಲಿ ಹೊರದೇಶದ ವಿದ್ಯಾರ್ಥಿಗಳಿಗೆ ಸಲಹೆ ಕೊಡುವುದು ನನ್ನ ಕೆಲಸ. ಓದಿನ ಬಗ್ಗೆ ಕೇಳಲು ಬರುವವರು ಕಡಿಮೆ. ಬ್ಯಾಂಕ್ ಕಾರ್ಡ್ ಬಂದಿಲ್ಲ, ಮನೆ ಬಾಗಿಲು ಲಾಕ್ ಆಗಿದೆ, ಟ್ರೈನಿನಲ್ಲಿ ದಂಡ ಹಾಕಿದರು, ಇಂಥವೇ ಜಾಸ್ತಿ. ಯಾರು ಏನೇ ಹೇಳಿಕೊಂಡು ಬಂದರೂ ನಾನು ಮೊದಲು ಕೇಳುವ ಪ್ರಶ್ನೆ ಒಂದೇ. ಅಂಚೆ ಡಬ್ಬದ ಮೇಲೆ ನಿಮ್ಮ ಹೆಸರಿದೆಯಾ?

ಒಬ್ಬ ಹುಡುಗ ಇದನ್ನು ಕೇಳಿ ನಕ್ಕುಬಿಟ್ಟ. ಅವನು ಬಂದಿದ್ದು ಸಂಬಳದ ವಿಷಯಕ್ಕೆ. ಪಾರ್ಟ್ ಟೈಮ್ ಕೆಲಸದ ದುಡ್ಡಿನಲ್ಲಿ ಒಂದು ದೊಡ್ಡ ಪಾಲು ತೆರಿಗೆಗೆ ಹೋಗಿತ್ತು. ಕಾರಣ ಇಷ್ಟೇ: ಅವನು ತೆರಿಗೆ ನಂಬರ್ ಕೊಟ್ಟಿರಲಿಲ್ಲ. 11 ಅಂಕಿಯ ಆ ನಂಬರ್ ಇಲ್ಲದಿದ್ದರೆ ಕಂಪನಿಯವರು ಆರನೇ ವರ್ಗದ ದರದಲ್ಲಿ ತೆರಿಗೆ ಹಿಡಿಯಬೇಕಾಗುತ್ತದೆ. ಅದು ಎಲ್ಲಕ್ಕಿಂತ ಜಾಸ್ತಿ ದರ. ನಂಬರ್ ಯಾಕೆ ಕೊಡಲಿಲ್ಲ? ಆ ನಂಬರ್ ಅಂಚೆಯಲ್ಲಿ ಬರುತ್ತದೆ, ಆ ಪತ್ರವೇ ಬಂದಿರಲಿಲ್ಲ. ಪತ್ರ ಯಾಕೆ ಬರಲಿಲ್ಲ? ಡಬ್ಬದ ಮೇಲೆ ಮನೆ ಮಾಲೀಕರ ಹೆಸರು ಮಾತ್ರ ಇತ್ತು.

ಇಲ್ಲಿನ ಅಪಾರ್ಟ್‌ಮೆಂಟ್‌ಗಳಲ್ಲಿ ಸಾಮಾನ್ಯವಾಗಿ ಮನೆಗೆ ನಂಬರ್ ಇರುವುದಿಲ್ಲ. ಕಟ್ಟಡಕ್ಕೆ ನಂಬರ್ ಇರುತ್ತದೆ, ಒಳಗಿನವರಿಗೆ ಹೆಸರು. ಅಂಚೆಯವರು ಹೆಸರು ಹುಡುಕುತ್ತಾರೆ, ಸಿಗದಿದ್ದರೆ ವಾಪಸ್ ಕಳಿಸುತ್ತಾರೆ. ತಪ್ಪು ಅವರದಲ್ಲ. ಇನ್ನೂ ತಮಾಷೆ ಅಂದರೆ, ತೆರಿಗೆ ನಂಬರ್ ಮತ್ತೊಮ್ಮೆ ಕೇಳಿದರೂ ಅದು ಅಂಚೆಯಲ್ಲೇ ಬರುತ್ತದೆ. ಇಮೇಲ್ ಮಾಡಿ ಅಂದರೆ ಮಾಡುವುದಿಲ್ಲ. ಅವನ ದುಡ್ಡು ಆಮೇಲೆ ಸರಿಹೋಯಿತು, ಆದರೆ ಎರಡು ತಿಂಗಳು ಸಾಲ ಮಾಡಿಕೊಂಡು ಓಡಾಡಿದ.

ಹೆಸರು ಅಂದರೆ ಯಾವ ಹೆಸರು, ಇದೂ ಮುಖ್ಯ. ಪಾಸ್‌ಪೋರ್ಟ್‌ನಲ್ಲಿ ಇರುವಂತೆಯೇ ಬರೆಯಿರಿ. ಸರ್‌ನೇಮ್ ಜಾಗ ಖಾಲಿ ಇರುವವರಿಗೆ ಒಂದೊಂದು ಕಚೇರಿ ಒಂದೊಂದು ಥರ ಹೆಸರು ಬರೆಯುತ್ತದೆ. ಅಂಥವರು ಎರಡೂ ರೂಪ ಅಂಟಿಸಿ, ಯಾರೂ ಬೈಯುವುದಿಲ್ಲ. ಬೇರೆಯವರ ಮನೆಯಲ್ಲಿ ಒಂದು ರೂಮಿನಲ್ಲಿದ್ದರೆ ವಿಳಾಸದಲ್ಲಿ ಆ ಮನೆಯವರ ಹೆಸರನ್ನೂ ಸೇರಿಸಿ.

ಡಬ್ಬ ಸರಿಯಾದ ಮೇಲೆ ಊರಿನ ಕಚೇರಿಯಲ್ಲಿ ವಿಳಾಸ ನೋಂದಣಿ. ಇದಕ್ಕೆ ಆನ್‌ಮೆಲ್ಡುಂಗ್ ಅನ್ನುತ್ತಾರೆ. ಮನೆ ಸೇರಿದ ಎರಡು ವಾರದೊಳಗೆ ಮಾಡಿಸಬೇಕು. ಬಾಡಿಗೆ ಕರಾರು ತೋರಿಸಿದರೆ ಸಾಲದು, 'ಇವರು ನನ್ನ ಮನೆಗೆ ಬಂದಿದ್ದಾರೆ' ಅಂತ ಮಾಲೀಕರು ಸಹಿ ಹಾಕಿದ ಬೇರೆ ಕಾಗದ ಬೇಕು. ಅದರ ಹೆಸರು ವೋನುಂಗ್ಸ್‌ಗೇಬರ್‌ಬೆಷ್ಟೇಟಿಗುಂಗ್. ಹೇಳಲು ಬಾರದಿದ್ದರೆ ಚೀಟಿಯಲ್ಲಿ ಬರೆದು ತೋರಿಸಿ, ನಾನೂ ಮೊದಲು ಹಾಗೇ ಮಾಡಿದ್ದೆ. ಈ ಕಾಗದ ಕೊಡಲು ಒಪ್ಪದ ಮಾಲೀಕರ ಮನೆ ಎಷ್ಟೇ ಅಗ್ಗವಾದರೂ ಬೇಡ.

ನೋಂದಣಿಯಾದ ಕೆಲವೇ ವಾರಗಳಲ್ಲಿ ರೇಡಿಯೋ, ಟಿವಿ ಶುಲ್ಕದ ಪತ್ರ ಬರುತ್ತದೆ. ನನ್ನ ಹತ್ತಿರ ಟಿವಿಯೇ ಇಲ್ಲ, ಇದು ಯಾವುದೋ ಮೋಸ ಅಂತ ಹರಿದು ಎಸೆಯುವವರು ಪ್ರತಿ ವರ್ಷ ಸಿಗುತ್ತಾರೆ. ಮೋಸ ಅಲ್ಲ. ತಿಂಗಳಿಗೆ 18.36 ಯೂರೋ, ಟಿವಿ ಇದ್ದರೂ ಇಲ್ಲದಿದ್ದರೂ. ಆದರೆ ಇದು ಮನೆಗೊಂದು, ತಲೆಗೊಂದಲ್ಲ. ಜೊತೆಯಲ್ಲಿರುವವರು ಆಗಲೇ ಕಟ್ಟುತ್ತಿದ್ದರೆ ಅವರ ಶುಲ್ಕದ ನಂಬರ್ ಬರೆದು ಉತ್ತರ ಕಳಿಸಿ, ಮುಗಿಯಿತು. ಸುಮ್ನೆ ಕೂತರೆ ಬಾಕಿಯ ಮೇಲೆ ತಡ ಮಾಡಿದ್ದಕ್ಕೆ ದಂಡ ಸೇರುತ್ತಾ ಹೋಗುತ್ತದೆ.

ಇನ್ನು ಹಳದಿ ಲಕೋಟೆ. ಇದು ಬಂದರೆ ತರಗತಿ ಬಿಟ್ಟಾದರೂ ನನ್ನ ಹತ್ತಿರ ಬನ್ನಿ ಅಂತ ನಾನು ಹೇಳುವುದುಂಟು. ಕೋರ್ಟ್ ಅಥವಾ ಸರ್ಕಾರಿ ಕಚೇರಿಯ ಮುಖ್ಯ ಪತ್ರ ಇದರಲ್ಲಿ ಬರುತ್ತದೆ. ಅಂಚೆಯವರು ಡಬ್ಬಕ್ಕೆ ಹಾಕಿದ ತಾರೀಕನ್ನು ಲಕೋಟೆಯ ಮೇಲೆ ಬರೆದಿರುತ್ತಾರೆ. ನೀವು ಓದಿದಿರೋ ಇಲ್ಲವೋ, ಗಡುವು ಅಂದಿನಿಂದ ಶುರು. ದಂಡದ ಆದೇಶಕ್ಕೆ ಆಕ್ಷೇಪ ಹೇಳಲು ಎರಡು ವಾರ ಮಾತ್ರ. ಆದ್ದರಿಂದ ಲಕೋಟೆಯನ್ನೂ ಎಸೆಯಬೇಡಿ. ಪ್ರವಾಸಕ್ಕೆ ಹೋಗುವಾಗ ಗಿಡಕ್ಕೆ ನೀರು ಹಾಕಲು ಗೆಳೆಯರಿಗೆ ಕೀ ಕೊಡುತ್ತೀರಿ ಅಲ್ವಾ? ಡಬ್ಬದ ಕೀಯನ್ನೂ ಕೊಡಿ.

ಟ್ರೈನಿನ ದಂಡದ ಮಾತು ಬೇಗ ಹೇಳಿ ಮುಗಿಸುತ್ತೇನೆ. ಟಿಕೆಟ್ ಇಲ್ಲದಿದ್ದರೆ 60 ಯೂರೋ. ಆದರೆ ನಿಮ್ಮ ಹೆಸರಿನ ಪಾಸ್ ಇದ್ದು, ಅವತ್ತು ಮರೆತಿದ್ದರೆ, ಒಂದು ವಾರದೊಳಗೆ ಅದನ್ನು ತೋರಿಸಿ. ಸಾಮಾನ್ಯವಾಗಿ 7 ಯೂರೋಗೆ ಇಳಿಯುತ್ತದೆ. ಇದು ಗೊತ್ತಿಲ್ಲದೆ ಪೂರ್ತಿ ಕಟ್ಟಿ ಬಂದವರನ್ನು ನೋಡಿ ನನಗೇ ಸಂಕಟವಾಗುತ್ತದೆ.

ಬಾಗಿಲಿನ ಕಥೆ ನನ್ನದೇ. ಒಂದು ಭಾನುವಾರ ಕಸ ಹಾಕಲು ಚಪ್ಪಲಿ ಮೆಟ್ಟಿಕೊಂಡು ಇಳಿದೆ, ಹಿಂದೆ ಬಾಗಿಲು ಮುಚ್ಚಿಕೊಂಡಿತು. ಇಲ್ಲಿ ಬಾಗಿಲಿನ ಹೊರಗಡೆ ತಿರುಗದ ಹಿಡಿಕೆ ಇರುತ್ತದೆ, ಕೀ ಇಲ್ಲದೆ ತೆಗೆಯಲು ಬರುವುದಿಲ್ಲ. ಬೀಗ ತೆಗೆಯುವವರು ರಾತ್ರಿಗೆ, ಭಾನುವಾರಕ್ಕೆ ಹೆಚ್ಚಿಗೆ ಕೇಳುತ್ತಾರೆ. ಫೋನಿನಲ್ಲೇ ಒಟ್ಟು ಎಷ್ಟು ಅಂತ ಕೇಳಿ ಖಚಿತ ಮಾಡಿಕೊಳ್ಳಿ. ಬರೀ ಮುಚ್ಚಿಕೊಂಡ ಬಾಗಿಲನ್ನು ಕೆಲಸ ಗೊತ್ತಿದ್ದವರು ಬೀಗ ಒಡೆಯದೆಯೇ ತೆಗೆಯುತ್ತಾರೆ. ಬಂದವನು ಮೊದಲೇ ಡ್ರಿಲ್ ತೆಗೆದರೆ ಅನುಮಾನಪಡಿ. ಕೀ ಕಳೆದುಹೋದರೆ ಮಾತ್ರ ಖರ್ಚು ಬೇರೆಯೇ. ಇಡೀ ಕಟ್ಟಡಕ್ಕೆ ಒಂದೇ ಬೀಗದ ವ್ಯವಸ್ಥೆ ಇದ್ದರೆ ಎಲ್ಲವನ್ನೂ ಬದಲಿಸುವ ಬಿಲ್ ನಿಮ್ಮ ಮೇಲೆ ಬೀಳಬಹುದು. ಅದಕ್ಕೇ ಇಲ್ಲಿ ಹೊಣೆಗಾರಿಕೆ ವಿಮೆ, ಅಂದರೆ ನಮ್ಮಿಂದ ಬೇರೆಯವರಿಗೆ ಆದ ನಷ್ಟ ತುಂಬಿಕೊಡುವ ವಿಮೆ, ಮಾಡಿಸುತ್ತಾರೆ. ಕೊಳ್ಳುವ ಮುಂಚೆ ಬಾಡಿಗೆ ಮನೆಯ ಕೀ ಕೂಡ ಸೇರಿದೆಯಾ ನೋಡಿ.

ಓದು ಮುಗಿಸಿ ದೇಶ ಬಿಡುವಾಗ ಇದೆಲ್ಲ ತಲೆಕೆಳಗಾಗಿ ನಡೆಯುತ್ತದೆ. ವಿಳಾಸ ರದ್ದು ಮಾಡಿಸಬೇಕು, ಆ ಕಾಗದ ಕಳಿಸಿ ಟಿವಿ ಶುಲ್ಕ ನಿಲ್ಲಿಸಬೇಕು. ಬ್ಯಾಂಕ್ ಖಾತೆಯನ್ನು ಮಾತ್ರ ಆತುರದಲ್ಲಿ ಮುಚ್ಚಬೇಡಿ. ಮನೆಯ ಮುಂಗಡ ಮೂರು ತಿಂಗಳ ಬಾಡಿಗೆಯಷ್ಟೂ ಇರಬಹುದು. ಅದು ವಾಪಸ್ ಬರಲು ತಿಂಗಳುಗಳೇ ಹಿಡಿಯುತ್ತವೆ. ಖಾತೆಯೇ ಇಲ್ಲ ಅಂದರೆ ಮಾಲೀಕರು ಪತ್ರ ಬರೆಯುತ್ತಾರೆ, ಹಳೆಯ ವಿಳಾಸಕ್ಕೆ.