ಅಲರ್ಜಿ ವಾಚಿಗಲ್ಲ, ಅದರಲ್ಲಿರುವ ವಸ್ತುವಿಗೆ

ಸ್ಮಾರ್ಟ್‌ವಾಚ್ ಕಟ್ಟಿದ ಜಾಗದಲ್ಲಿ ನವೆ ಶುರುವಾದರೆ ಹೆಚ್ಚಿನವರು ಅದನ್ನು ಬಿಚ್ಚಿ ಇನ್ನೊಂದು ಕೈಗೆ ಕಟ್ಟಿಕೊಳ್ಳುತ್ತಾರೆ. ಮನೆಯಲ್ಲಿದ್ದ ಯಾವುದೋ ಟ್ಯೂಬ್ ಹುಡುಕಿ ಹಚ್ಚುತ್ತಾರೆ. ಎರಡೂ ಕೈಯಲ್ಲಿ ಗುಳ್ಳೆ ಎದ್ದ ಮೇಲೆ ನನ್ನ ಹತ್ತಿರ ಬಂದು "ಡಾಕ್ಟ್ರೇ, ನಂಗೆ ವಾಚ್ ಆಗಿಬರಲ್ಲ" ಅನ್ನುತ್ತಾರೆ. ಕೆಲವರಿಗೆ ಇದೆಲ್ಲ ರೇಡಿಯೇಷನ್ ಅಂತ ಭಯ. ನಾನು ಎಲ್ಲರಿಗೂ ಹೇಳುವುದು ಒಂದೇ ಮಾತು. ವಾಚಿಗೆ ಅಂತ ಅಲರ್ಜಿ ಇಲ್ಲ, ಫೋನಿಗೆ ಅಂತಲೂ ಇಲ್ಲ. ಅದರಲ್ಲಿರುವ ಒಂದು ಲೋಹಕ್ಕೋ, ಅಂಟಿಗೋ, ರಬ್ಬರಿಗೆ ಬೆರೆಸಿದ ರಾಸಾಯನಿಕಕ್ಕೋ ಇರುತ್ತದೆ. ಆ ವಸ್ತು ಯಾವುದು ಅಂತ ಗೊತ್ತಾಗುವ ತನಕ ಎಷ್ಟು ವಾಚ್ ಬದಲಿಸಿದರೂ ಸುಮ್ನೆ ದುಡ್ಡು ದಂಡ. ಅದೇ ವಸ್ತು ಹೊಸದರಲ್ಲೂ ಇರಬಹುದು, ಅಲ್ವಾ?

ಅದಕ್ಕೂ ಮೊದಲು ಒಂದು ವಿಷಯ ಸ್ಪಷ್ಟ ಮಾಡಬೇಕು. ಬ್ಯಾಂಡ್ ಕೆಳಗೆ ಕಾಣುವ ಕೆಂಪೆಲ್ಲ ಅಲರ್ಜಿಯಲ್ಲ. ಎಷ್ಟೋ ಸಲ ಅದು ಬರೀ ಉರಿ. ನಿದ್ದೆ ಅಳೆಯಬೇಕು, ಹೆಜ್ಜೆ ಎಣಿಸಬೇಕು ಅಂತ ಹಗಲೂ ರಾತ್ರಿ ಬಿಗಿಯಾಗಿ ಕಟ್ಟಿರುತ್ತಾರೆ. ಒಳಗೆ ಬೆವರು ನಿಲ್ಲುತ್ತದೆ, ಕೈ ತೊಳೆದಾಗ ಸೋಪು ಸೇರಿಕೊಳ್ಳುತ್ತದೆ, ಗಾಳಿ ಆಡುವುದಿಲ್ಲ. ನೆನೆದ ಚರ್ಮವನ್ನು ಪಟ್ಟಿ ಉಜ್ಜುತ್ತಲೇ ಇರುತ್ತದೆ. ಇದು ಯಾರಿಗೆ ಬೇಕಾದರೂ ಆಗಬಹುದು. ಇದರಲ್ಲಿ ನವೆಗಿಂತ ಉರಿ ಜಾಸ್ತಿ, ಬ್ಯಾಂಡ್ ತಾಗಿದ ಜಾಗ ಬಿಟ್ಟು ಆಚೆ ಹೋಗುವುದಿಲ್ಲ, ಕೆಲವು ದಿನ ಬಿಚ್ಚಿಟ್ಟು ಚರ್ಮ ಒಣಗಲು ಬಿಟ್ಟರೆ ತಾನಾಗಿ ತಗ್ಗುತ್ತದೆ. ಅಲರ್ಜಿಯ ರೀತಿ ಬೇರೆ. ನವೆ ತಡೆಯಲಾಗುವುದಿಲ್ಲ. ಸಣ್ಣ ಸಣ್ಣ ನೀರುಗುಳ್ಳೆ ಏಳುತ್ತವೆ, ಒಡೆದು ರಸ ಸೋರುತ್ತದೆ, ಪಟ್ಟಿಯ ಗಡಿ ದಾಟಿ ಹರಡುತ್ತದೆ, ವಾಚ್ ಬಿಚ್ಚಿಟ್ಟ ಮೇಲೂ ಒಂದೆರಡು ದಿನ ಏರುತ್ತಲೇ ಹೋಗುತ್ತದೆ. ಎರಡೂ ಒಟ್ಟಿಗೆ ಇರುವುದೂ ಉಂಟು. ಬಿರುಕು ಬಿಟ್ಟ ಚರ್ಮದ ಮೂಲಕ ಲೋಹ ಸುಲಭವಾಗಿ ಒಳಗಿಳಿಯುತ್ತದೆ. ಹಾಗಾಗಿ ಬರೀ ಉರಿ ಅಂತ ತಿಂಗಳುಗಟ್ಟಲೆ ಉಪೇಕ್ಷೆ ಮಾಡಿದರೆ ಅದೇ ಮುಂದೆ ಅಲರ್ಜಿಗೆ ದಾರಿಯಾಗಬಹುದು.

ಲೋಹಗಳಲ್ಲಿ ನಾನು ಮೊದಲು ಅನುಮಾನ ಪಡುವುದು ನಿಕಲ್ ಮೇಲೆ. ಜಗತ್ತಿನಲ್ಲಿ ಮುಟ್ಟಿದ್ದರಿಂದ ಬರುವ ಚರ್ಮದ ಅಲರ್ಜಿಗೆ ಎಲ್ಲಕ್ಕಿಂತ ಸಾಮಾನ್ಯ ಕಾರಣ ಇದೇ. ಹೊಳಪು ಕೊಡುತ್ತದೆ, ತುಕ್ಕು ತಡೆಯುತ್ತದೆ. ಅದಕ್ಕೇ ಫೋನಿನ ಅಂಚು, ಬಟನ್, ಹೆಡ್‌ಫೋನಿನ ಲೋಹದ ಭಾಗ, ಲ್ಯಾಪ್‌ಟಾಪಿನ ಹೊರಮೈ, ವಾಚಿನ ಬಕಲ್, ಎಲ್ಲಿ ಬೇಕಾದರೂ ಇರಬಹುದು. ಲೋಹ ಗಟ್ಟಿಯಾಗಿ ಕೂತಿರುವಷ್ಟು ಹೊತ್ತು ತೊಂದರೆಯಿಲ್ಲ. ಬೆವರಿನಲ್ಲಿ ಉಪ್ಪಿದೆಯಲ್ಲ, ಅದು ಲೋಹವನ್ನು ನಿಧಾನಕ್ಕೆ ಸವೆಸಿ ನಿಕಲ್ ಅಯಾನುಗಳನ್ನು, ಅಂದರೆ ಅದರ ಅತಿಸೂಕ್ಷ್ಮ ಕಣಗಳನ್ನು, ಬಿಡಿಸುತ್ತದೆ. ಅವು ಚರ್ಮದೊಳಗೆ ಇಳಿದು ಅಲ್ಲಿನ ಪ್ರೋಟೀನಿಗೆ ಅಂಟಿಕೊಳ್ಳುತ್ತವೆ. ದೇಹದ ರಕ್ಷಣಾ ಕೋಶಗಳು ಇದು ಹೊರಗಿನದ್ದು ಅಂತ ಗುರುತು ಹಿಡಿಯುತ್ತವೆ, ಮತ್ತೆ ಆ ಗುರುತನ್ನು ಮರೆಯುವುದಿಲ್ಲ. ಮೊದಲ ಸಲ ಹೀಗೆ ಗುರುತು ಹಿಡಿಯಲು ಎರಡು ವಾರ ಸಾಕು, ಕೆಲವರಿಗೆ ವರ್ಷಗಳೇ ಬೇಕು. ಒಮ್ಮೆ ಹಿಡಿದ ಮೇಲೆ ಪ್ರತಿಸಲ ತಾಗಿದಾಗಲೂ ಒಂದರಿಂದ ಮೂರು ದಿನದೊಳಗೆ ಗುಳ್ಳೆ ಏಳುತ್ತದೆ.

ಈ ತಡವೇ ಎಲ್ಲರ ದಾರಿ ತಪ್ಪಿಸುವುದು. ಭಾನುವಾರ ದಿನವಿಡೀ ಹೆಡ್‌ಫೋನ್ ಹಾಕಿಕೊಂಡಿರುತ್ತಾರೆ, ಮಂಗಳವಾರ ಕಿವಿ ಉರಿಯುತ್ತದೆ, ಸೋಮವಾರ ಹಚ್ಚಿದ ಹೊಸ ಶಾಂಪೂ ಮೇಲೆ ತಪ್ಪು ಹೊರಿಸುತ್ತಾರೆ. "ಎರಡು ವರ್ಷದಿಂದ ಇದೇ ಫೋನ್, ಇಷ್ಟು ದಿನ ಇಲ್ಲದ್ದು ಈಗ ಹೇಗೆ?" ಅಂತಲೂ ಕೇಳುತ್ತಾರೆ. ಎರಡು ವರ್ಷದಲ್ಲಿ ಫೋನಿನ ಮೇಲಿನ ಬಣ್ಣ ಸವೆದು ಕೆಳಗಿನ ಲೋಹ ಬಯಲಾಗಿರುತ್ತದೆ. ಅಥವಾ ದೇಹ ಗುರುತು ಹಿಡಿದದ್ದು ಈಗ. ಹಳೆಯ ವಸ್ತು ಅನ್ನುವ ಕಾರಣಕ್ಕೆ ಅದರ ಮೇಲಿನ ಅನುಮಾನ ಬಿಡಬಾರದು.

ಇನ್ನೂ ಒಂದು ಪ್ರಶ್ನೆ ನಾನು ತಪ್ಪದೆ ಕೇಳುತ್ತೇನೆ. ಚಿನ್ನವಲ್ಲದ ಓಲೆ ಹಾಕಿದರೆ ಕಿವಿ ಸೋರುತ್ತಾ? ಜೀನ್ಸ್ ಗುಂಡಿ ಅಥವಾ ಬೆಲ್ಟಿನ ಬಕಲ್ ತಾಗುವ ಕಡೆ, ಹೊಕ್ಕುಳ ಕೆಳಗೆ, ಕಪ್ಪಗೆ ಒರಟಾದ ಮಚ್ಚೆ ಇದೆಯಾ? ಹೌದು ಅಂದರೆ ಅರ್ಧ ಉತ್ತರ ಸಿಕ್ಕ ಹಾಗೆ. ನಿಕಲ್ ಅಲರ್ಜಿ ಹೆಂಗಸರಲ್ಲಿ ಜಾಸ್ತಿ ಕಾಣಲು ಮುಖ್ಯ ಕಾರಣ ಕಿವಿ ಚುಚ್ಚಿಸುವುದು. ಹಸಿ ಗಾಯದಲ್ಲಿ ಲೋಹ ಕೂತಿರುತ್ತದಲ್ಲ, ಅಲರ್ಜಿ ಹುಟ್ಟಲು ಅದಕ್ಕಿಂತ ಅನುಕೂಲ ಬೇರೆ ಬೇಡ. ಫೋನು, ವಾಚು ಆಮೇಲೆ ಬಂದವು. ಅವು ಅಲರ್ಜಿಯನ್ನು ಹುಟ್ಟಿಸಿದ್ದಲ್ಲ, ಇದ್ದದ್ದನ್ನು ಎಬ್ಬಿಸಿದ್ದು.

ಕಾಯಿಲೆ ಎಲ್ಲಿ ಕೂತಿದೆ ಅನ್ನುವುದು ತುಂಬಾ ಹೇಳುತ್ತದೆ. ವಾಚಿನವರು ಬಂದಾಗ ನಾನು ಕೈಯನ್ನು ತಿರುಗಿಸಿ ಎರಡೂ ಬದಿ ನೋಡುತ್ತೇನೆ. ಮಣಿಕಟ್ಟಿನ ಮೇಲ್ಬದಿಯಲ್ಲಿ ದುಂಡಗೆ ಇದ್ದರೆ ಡಯಲ್ಲಿನ ಹಿಂಬದಿ ಅಥವಾ ಅಲ್ಲಿ ಸಿಕ್ಕಿಕೊಂಡ ಬೆವರು. ಒಳಬದಿಯಲ್ಲಿ, ನಾಡಿ ಹಿಡಿಯುವ ಕಡೆ, ಚಿಕ್ಕ ಚೌಕದಂತೆ ಇದ್ದರೆ ಬಕಲ್. ಸುತ್ತಲೂ ಬಳೆಯಂತೆ ಇದ್ದರೆ ಪಟ್ಟಿ. ಕಿವಿಯ ಮುಂದೆ, ಕೆನ್ನೆಯ ಮೇಲೆ, ಅದೂ ಒಂದೇ ಬದಿಗೆ ಒಣಗಿ ಹೊಟ್ಟೇಳುವ ಮಚ್ಚೆ ಇದ್ದರೆ "ಫೋನ್ ಯಾವ ಕೈಯಲ್ಲಿ ಹಿಡೀತೀರಿ?" ಅಂತ ಕೇಳುತ್ತೇನೆ. ಇಂಥ ಕೆನ್ನೆಯ ಮಚ್ಚೆಯನ್ನು ಹುಳುಕಡ್ಡಿ ಅಂದುಕೊಂಡು ತಿಂಗಳಾನುಗಟ್ಟಲೆ ಅದರ ಮುಲಾಮು ಹಚ್ಚಿದವರನ್ನು ನೋಡಿದ್ದೇನೆ. ಬೇಸರವಾಗುತ್ತದೆ, ಯಾಕೆಂದರೆ ದಿನವೂ ಮುಲಾಮು, ದಿನವೂ ಅದೇ ಫೋನ್.

ಮಕ್ಕಳ ವಿಷಯದಲ್ಲಿ ಇನ್ನೂ ಹುಷಾರಾಗಿರಬೇಕು. 2014ರಲ್ಲಿ ಅಮೆರಿಕದ ವೈದ್ಯರು 11 ವರ್ಷದ ಹುಡುಗನೊಬ್ಬನ ಬಗ್ಗೆ ಬರೆದಿದ್ದರು. ಅವನಿಗೆ ಮೊದಲೇ ಇಸುಬು ಇತ್ತು, ಆದರೆ ಮೈಮೇಲೆಲ್ಲ ಬೇರೆ ಥರದ ಗುಳ್ಳೆ ಶುರುವಾಗಿ ಔಷಧಕ್ಕೆ ಬಗ್ಗಲಿಲ್ಲ. ಪರೀಕ್ಷೆಯಲ್ಲಿ ನಿಕಲ್ ಅಲರ್ಜಿ ಬಂತು. ಮನೆಯಲ್ಲಿ ಅವನು ದಿನವೂ ಬಳಸುತ್ತಿದ್ದ ಐಪ್ಯಾಡಿನ ಹೊರಮೈಯಲ್ಲಿ ನಿಕಲ್ ಸಿಕ್ಕಿತು. ಅದಕ್ಕೆ ಕವರ್ ಹಾಕಿ, ನಿಕಲ್ ತಪ್ಪಿಸಿದ ಮೇಲೆ ಗುಣವಾಯಿತು. ಗಮನಿಸಿ, ಅವನ ಗುಳ್ಳೆ ಬರೀ ಅಂಗೈಯಲ್ಲಿ ಇರಲಿಲ್ಲ. ಒಂದು ಕಡೆ ಕೆರಳಿದ ಅಲರ್ಜಿ ದೂರದ ಚರ್ಮದಲ್ಲೂ ಏಳಬಹುದು.

ನಿಕಲ್ ಇದೆಯಾ ಅಂತ ನೋಡುವುದು ಕಷ್ಟವಲ್ಲ. ಡೈಮೀಥೈಲ್‌ಗ್ಲೈಆಕ್ಸಿಮ್ ಅನ್ನುವ ದ್ರಾವಣ, ಅದರ ಜೊತೆ ಅಮೋನಿಯಾ. ಹತ್ತಿಯ ಕಡ್ಡಿಗೆ ಎರಡೂ ಹನಿ ಹಾಕಿ ಬಕಲ್ ಮೇಲೆ ಅರ್ಧ ನಿಮಿಷ ಉಜ್ಜುತ್ತೇನೆ. ನಿಕಲ್ ಬಿಡುತ್ತಿದ್ದರೆ ಬಿಳಿ ಹತ್ತಿ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ರೋಗಿಗಳ ಎದುರೇ ಇದನ್ನು ಮಾಡುವುದು ನನಗೆ ಇಷ್ಟ, ಹತ್ತು ನಿಮಿಷ ವಿವರಿಸಿದ್ದಕ್ಕಿಂತ ಆ ಗುಲಾಬಿ ಬಣ್ಣ ಬೇಗ ಮನಸ್ಸಿಗೆ ಹೋಗುತ್ತದೆ. ಬಣ್ಣ ಬರಲಿಲ್ಲ ಅಂದ ಮಾತ್ರಕ್ಕೆ ಪೂರ್ತಿ ನಿಶ್ಚಿಂತೆ ಬೇಡ, ತೀರಾ ಕಡಿಮೆ ಬಿಡುವುದನ್ನು ಈ ಪರೀಕ್ಷೆ ಹಿಡಿಯದೆ ಇರಬಹುದು.

ಇಲ್ಲಿ "ಬಿಡುತ್ತಿದ್ದರೆ" ಅನ್ನುವುದು ಮುಖ್ಯ. ವಾಚುಗಳಲ್ಲಿ ಬಳಸುವ 316ಎಲ್ ಅನ್ನುವ ಸ್ಟೀಲಿನಲ್ಲಿ ಶೇ. 10ಕ್ಕಿಂತ ಹೆಚ್ಚು ನಿಕಲ್ ಇದೆ, ಆದರೆ ಅದು ಬಿಗಿಯಾಗಿ ಸೇರಿಕೊಂಡಿರುವುದರಿಂದ ಹೊರಬರುವುದು ತೀರಾ ಕಡಿಮೆ. ತೆಳ್ಳಗೆ ನಿಕಲ್ ಲೇಪಿಸಿದ ಅಗ್ಗದ ಬಕಲ್ ಒಟ್ಟು ಲೆಕ್ಕದಲ್ಲಿ ಕಡಿಮೆ ನಿಕಲ್ ಇದ್ದರೂ ಚರ್ಮಕ್ಕೆ ಜಾಸ್ತಿ ಬಿಡುತ್ತದೆ. ಯುರೋಪಿನ ಒಕ್ಕೂಟದ ಕಾನೂನು ಕೂಡ ಇದನ್ನೇ ಅಳೆಯುತ್ತದೆ. ಹೆಚ್ಚು ಹೊತ್ತು ಚರ್ಮಕ್ಕೆ ತಾಗುವ ವಸ್ತು ಒಂದು ಚದರ ಸೆಂಟಿಮೀಟರಿಗೆ ವಾರಕ್ಕೆ 0.5 ಮೈಕ್ರೋಗ್ರಾಂಗಿಂತ ಜಾಸ್ತಿ ನಿಕಲ್ ಬಿಡಬಾರದು. 1994ರಲ್ಲಿ ಬಂದ ಈ ನಿಯಮವನ್ನು 2009ರಲ್ಲಿ ಮೊಬೈಲ್ ಫೋನುಗಳಿಗೂ ಅನ್ವಯಿಸಿದರು. ಹೆಚ್ಚು ಹೊತ್ತು ಅಂದರೆ ಎಷ್ಟು ಅಂತಲೂ ಆಮೇಲೆ ಹೇಳಿದರು: ಎರಡು ವಾರದಲ್ಲಿ ಒಂದು ಸಲ 30 ನಿಮಿಷ, ಇಲ್ಲವೇ ಮೂರು ಸಲ 10 ನಿಮಿಷ. ನಾವು ಫೋನ್ ಹಿಡಿಯುವ ಹೊತ್ತಿಗೆ ಹೋಲಿಸಿ ನೋಡಿ.

ಲೋಹ ಬಿಟ್ಟರೆ ನನ್ನನ್ನು ಹೆಚ್ಚು ಕಾಡುವುದು ಅಂಟು. ಈಗಿನ ಸಾಧನಗಳನ್ನು ಸ್ಕ್ರೂಗಿಂತ ಅಂಟೇ ಹಿಡಿದಿಟ್ಟಿರುತ್ತದೆ, ಅದರಲ್ಲಿ ಅಕ್ರಿಲೇಟ್ ಜಾತಿಯದ್ದು ಬಹಳ. ಪೂರ್ತಿ ಗಟ್ಟಿಯಾದ ಅಕ್ರಿಲೇಟ್ ಸಾಮಾನ್ಯವಾಗಿ ಏನೂ ಮಾಡುವುದಿಲ್ಲ. ಗಟ್ಟಿಯಾಗದೆ ಉಳಿದ ಸಣ್ಣ ಅಣುಗಳು ಸೋರಿ ಬಂದರೆ ಮಾತ್ರ ಕೇಡು. 2014ರ ಆರಂಭದಲ್ಲಿ ಫಿಟ್‌ಬಿಟ್ ಕಂಪನಿ ತನ್ನ ಫೋರ್ಸ್ ಅನ್ನುವ, ಹೆಜ್ಜೆ ಎಣಿಸುವ ಕೈಪಟ್ಟಿಯನ್ನು ವಾಪಸ್ ಕರೆಸಿಕೊಂಡಿತು. ಅಮೆರಿಕ ಒಂದರಲ್ಲೇ ಸುಮಾರು 10 ಲಕ್ಷ ಪಟ್ಟಿಗಳು. ಚರ್ಮ ಕೆರಳಿತು ಅಂತ ಸುಮಾರು 9,900 ದೂರು ಬಂದಿದ್ದವು, ಅವಲ್ಲದೆ ದಪ್ಪ ಗುಳ್ಳೆ ಎದ್ದವು ಅಂತ ಸುಮಾರು 250. ಸ್ಟೀಲಿನಲ್ಲಿದ್ದ ನಿಕಲ್, ಪಟ್ಟಿಯ ವಸ್ತು ಅಥವಾ ಜೋಡಿಸಲು ಬಳಸಿದ ಅಂಟು ಇದಕ್ಕೆ ಕಾರಣ ಇರಬಹುದು ಅಂತ ಕಂಪನಿಯೇ ಹೇಳಿತು.

ಸಕ್ಕರೆ ಕಾಯಿಲೆಯವರು ತೋಳಿಗೆ ಅಂಟಿಸಿಕೊಳ್ಳುವ ಗ್ಲೂಕೋಸ್ ಸೆನ್ಸರ್ ವಿಷಯದಲ್ಲಿ ಇದು ಇನ್ನೂ ಗಂಭೀರ. ವಾಚನ್ನು ಬಿಟ್ಟರೆ ನಡೆಯುತ್ತದೆ, ಸೆನ್ಸರ್ ಬಿಟ್ಟರೆ ಸಕ್ಕರೆಯ ಹತೋಟಿಯೇ ತಪ್ಪಬಹುದು. ಕೆಲವು ಸೆನ್ಸರುಗಳ ಕೆಳಗೆ ಕೆಂಪಾಗಿ ಗುಳ್ಳೆ ಬರುವುದಕ್ಕೆ ಐಸೋಬೋರ್ನೈಲ್ ಅಕ್ರಿಲೇಟ್ ಕಾರಣ ಅಂತ 2017ರಲ್ಲಿ ಗೊತ್ತಾಯಿತು. ಮೊದಮೊದಲು ಎಲ್ಲರೂ ಚರ್ಮಕ್ಕೆ ಅಂಟುವ ಪ್ಲಾಸ್ಟರನ್ನೇ ದೂರುತ್ತಿದ್ದರು, ಆದರೆ ಈ ವಸ್ತು ಸೆನ್ಸರಿನ ಪೆಟ್ಟಿಗೆಯಿಂದಲೇ ಪ್ಲಾಸ್ಟರಿಗೆ ಇಳಿದು ಬರುತ್ತಿತ್ತು. 2020ರಲ್ಲಿ ಅಮೆರಿಕದ ಕಾಂಟ್ಯಾಕ್ಟ್ ಡರ್ಮಟೈಟಿಸ್ ಸೊಸೈಟಿ, ಅಂದರೆ ಮುಟ್ಟಿದ್ದರಿಂದ ಬರುವ ಚರ್ಮದ ಕಾಯಿಲೆ ನೋಡುವವರ ಸಂಘ, ಇದನ್ನೇ ಆ ವರ್ಷದ ಅಲರ್ಜಿಕಾರಕ ಅಂತ ಹೆಸರಿಸಿತು. ನಿಮಗೆ ಹೀಗಾಗುತ್ತಿದ್ದರೆ ಸೆನ್ಸರನ್ನು ನೀವಾಗೇ ನಿಲ್ಲಿಸಬೇಡಿ. ಬೇರೆ ತಯಾರಿಕೆಯದು ಹೊಂದಬಹುದು, ಕೆಳಗೆ ಒಂದು ತಡೆ ಹಾಳೆ ಹಾಕಬಹುದು, ವೈದ್ಯರ ಜೊತೆ ಮಾತಾಡಿ. ಅಕ್ರಿಲೇಟ್ ಅಲರ್ಜಿ ಅಂತ ಖಚಿತವಾದರೆ ಹಲ್ಲಿನ ಡಾಕ್ಟರಿಗೂ, ಕೀಲು ಬದಲಿಸುವ ಡಾಕ್ಟರಿಗೂ ತಪ್ಪದೆ ಹೇಳಿ. ಅವರು ಬಳಸುವ ಕೆಲವು ಅಂಟು, ಸಿಮೆಂಟುಗಳು ಇದೇ ಬಳಗದವು. ಉಗುರಿಗೆ ಹಚ್ಚುವ ಜೆಲ್ ಕೂಡ.

ರಬ್ಬರಿನಲ್ಲಿ ತೊಂದರೆ ಕೊಡುವುದು ಸಾಮಾನ್ಯವಾಗಿ ರಬ್ಬರಲ್ಲ, ಅದನ್ನು ಗಟ್ಟಿ ಮಾಡಲು ಬೆರೆಸುವ ಥಯೂರಮ್‌ನಂಥ ವಸ್ತುಗಳು. ಚರ್ಮದ ಪಟ್ಟಿಯಲ್ಲಿ ಹದ ಮಾಡಲು ಬಳಸಿದ ಕ್ರೋಮಿಯಂ. ಇವೆರಡರಲ್ಲಿ ಯಾವುದಾದರೂ ಆಗದಿದ್ದರೆ ಒಳ್ಳೆಯ ಸಿಲಿಕೋನ್ ಪಟ್ಟಿ ಸಾಮಾನ್ಯವಾಗಿ ಹೊಂದುತ್ತದೆ, ಆದರೆ ಬಕಲ್ ಕೂಡ ನೋಡಿ ಕೊಳ್ಳಿ, ಎಷ್ಟೋ ಜನ ಪಟ್ಟಿ ಬದಲಿಸಿ ಅದೇ ಬಕಲ್ ಇಟ್ಟುಕೊಳ್ಳುತ್ತಾರೆ. ನಿಕಲ್ ಆಗದವರಿಗೆ ಟೈಟಾನಿಯಂ ಒಳ್ಳೆಯದು. ಫೋನಿಗೆ, ಟ್ಯಾಬಿಗೆ ಅಂಚನ್ನೂ ಮುಚ್ಚುವ ಕವರ್ ಹಾಕಿ. ಬಕಲ್ ಮೇಲೆ ಬಣ್ಣವಿಲ್ಲದ ನೇಲ್ ಪಾಲಿಶ್ ಬಳಿಯುವುದು ತಾತ್ಕಾಲಿಕ ಉಪಾಯ ಅಷ್ಟೇ, ಬೆವರಿಗೆ ಬೇಗ ಸುಲಿದು ಹೋಗುತ್ತದೆ.

ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಳ್ಳುವವರಿಗೆ ಬಲೆಯಂಥ ಕಂದು ಗೆರೆ ಮೂಡಿದರೆ ಅದು ಅಲರ್ಜಿಯಲ್ಲ, ಬಿಸಿಯಿಂದ ಆದದ್ದು. ಸಾಮಾನ್ಯವಾಗಿ ನವೆ ಇರುವುದಿಲ್ಲ. ಲ್ಯಾಪ್‌ಟಾಪನ್ನು ಮೇಜಿಗೆ ಏರಿಸಿದರೆ ನಿಧಾನಕ್ಕೆ ಮಾಸುತ್ತದೆ, ವರ್ಷಗಟ್ಟಲೆ ಬಿಟ್ಟರೆ ಕಲೆ ಉಳಿದುಬಿಡಬಹುದು.

ಔಷಧದ ಬಗ್ಗೆ ಒಂದು ಕಳಕಳಿಯ ಮಾತು. ಗುಳ್ಳೆ ಜಾಸ್ತಿ ಇದ್ದಾಗ ಕೆಲವು ದಿನ ಸ್ಟೆರಾಯ್ಡ್ ಮುಲಾಮು ಬೇಕಾಗುತ್ತದೆ, ಎಷ್ಟು ದಿನ ಅಂತ ವೈದ್ಯರು ಹೇಳುತ್ತಾರೆ. ಆದರೆ ಸ್ಟೆರಾಯ್ಡ್, ಹುಳುಕಡ್ಡಿ ಔಷಧ, ಆ್ಯಂಟಿಬಯಾಟಿಕ್ ಮೂರನ್ನೂ ಸೇರಿಸಿದ ಟ್ಯೂಬನ್ನು ನೀವೇ ಕೊಂಡು ಹಚ್ಚಬೇಡಿ. ಕೆಂಪು ಅಡಗುತ್ತದೆ, ವಾಚ್ ಮುಂದುವರಿಯುತ್ತದೆ, ಚರ್ಮ ತೆಳ್ಳಗಾಗುತ್ತದೆ, ಕೊನೆಗೆ ಆ ಟ್ಯೂಬಿನ ಆ್ಯಂಟಿಬಯಾಟಿಕ್‌ಗೇ ಹೊಸ ಅಲರ್ಜಿ ಬರುವುದೂ ಉಂಟು.

ವಸ್ತು ಯಾವುದು ಅಂತ ಖಚಿತವಾಗಿ ಹೇಳುವುದು ಪ್ಯಾಚ್ ಟೆಸ್ಟ್. ರಕ್ತ ಕೊಟ್ಟು ಮಾಡಿಸುವ ಉದ್ದದ ಅಲರ್ಜಿ ಪಟ್ಟಿ ಇದಕ್ಕೆ ಉಪಯೋಗಕ್ಕೆ ಬರುವುದಿಲ್ಲ, ಅದು ಬೇರೆ ಥರದ ಅಲರ್ಜಿಯನ್ನು ಅಳೆಯುತ್ತದೆ. ಪ್ಯಾಚ್ ಟೆಸ್ಟಿನಲ್ಲಿ ಅನುಮಾನದ ವಸ್ತುಗಳನ್ನು ಸ್ವಲ್ಪ ಸ್ವಲ್ಪ ಬೆನ್ನಿಗೆ ಅಂಟಿಸಿ 48 ಗಂಟೆ ಬಿಡುತ್ತೇವೆ. ತೆಗೆದಾಗ ಒಮ್ಮೆ ನೋಡುತ್ತೇವೆ, ಮತ್ತೆ ಮೂರನೇ ಅಥವಾ ನಾಲ್ಕನೇ ದಿನ ನೋಡುತ್ತೇವೆ. ಎರಡನೇ ಸಲ ಬರದೆ ತಪ್ಪಿಸಿಕೊಂಡರೆ ನಿಧಾನಕ್ಕೆ ಏಳುವ ಅಲರ್ಜಿ ಕಾಣದೇ ಹೋಗಬಹುದು, ದಯವಿಟ್ಟು ಬನ್ನಿ. ಆ ದಿನಗಳಲ್ಲಿ ಬೆನ್ನು ನೆನೆಯಬಾರದು, ಜಾಸ್ತಿ ಬೆವರುವ ಕೆಲಸ ಬೇಡ. ಅದಕ್ಕೆ ಮುಂಚೆ ಬೆನ್ನಿಗೆ ಸ್ಟೆರಾಯ್ಡ್ ಮುಲಾಮು ಹಚ್ಚಿರಬಾರದು, ಸ್ಟೆರಾಯ್ಡ್ ಮಾತ್ರೆ ನುಂಗುತ್ತಿದ್ದರೆ ಮೊದಲೇ ತಿಳಿಸಿ. ಬರುವಾಗ ಆ ವಾಚು, ಬಿಚ್ಚಿಟ್ಟ ಹಳೆಯ ಪಟ್ಟಿ, ಫೋನು, ಅದರ ಕವರು, ಹೆಡ್‌ಫೋನು ಎಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಬನ್ನಿ. ಗುಳ್ಳೆ ಜೋರಾಗಿದ್ದ ದಿನ ತೆಗೆದ ಫೋಟೋ ಇದ್ದರೆ ಇನ್ನೂ ಒಳ್ಳೆಯದು, ನನ್ನ ಹತ್ತಿರ ಬರುವ ಹೊತ್ತಿಗೆ ಅದು ಅರ್ಧ ಒಣಗಿರುತ್ತದೆ.